ಪೊರಕೆಗೆ ಎರಡು ದಿನದ ವಿರಾಮ

ಮನೆಗೆ ಯಾರಾದರೂ ಬರುವರೆಂದು ತಿಳಿದೊಡನೆ ಪೊರಕೆಯನ್ನು ಕೈಗೆತ್ತಿಕೊಳ್ಳುವುದು, ನೆಲವನ್ನು ಸಾರಿಸುವುದು, ಕಾಲಿಗೆ ತೊಡರುವ ಸಾಮಾನುಗಳನ್ನೆಲ್ಲ ಮಂಚದಡಿಗೆ ತಳ್ಳಿ ಮೇಲೊಂದು ಹಾಸನ್ನು ಇಳಿಬಿಡುವುದು, ಇವೆಲ್ಲ ನಮ್ಮ ಗೃಹಸ್ಥಧರ್ಮದಲ್ಲಿ ಎಷ್ಟು ಆಳವಾಗಿ ಬೇರೂರಿದ ಅಭ್ಯಾಸಗಳೆಂದರೆ, ಬರತಕ್ಕವನು ಯಾರು, ಏನನ್ನು ನೋಡುವುದಕ್ಕಾಗಿ ಬರುತ್ತಾನೆ ಎಂಬುದನ್ನು ವಿಚಾರಿಸುವ ಮೊದಲೇ ಕೈಗಳು ತಮ್ಮ ಕೆಲಸವನ್ನು ಮುಗಿಸಿಬಿಟ್ಟಿರುತ್ತವೆ. ಒಂದು ಕೋಣೆ, ಒಂದು ಅಡಿಗೆಮನೆಯ ಇಕ್ಕಟ್ಟಿನಲ್ಲಿ ಮೂರು ತಲೆಮಾರುಗಳು ಕೂಡಿ ಬಾಳುವ ಮುಂಬಯಿಯಲ್ಲಂತೂ ಹೀಗೆ ಮರೆಮಾಡುವುದು ಒಂದು ಕಲೆಯೇ ಆಗಿದೆ. ಆದರೆ ಈ ಉಪಚಾರವನ್ನು ಸರ್ವಥಾ ಬಯಸದ ಅತಿಥಿಯೊಬ್ಬನುಂಟು. ಅವನು ಪೆಸ್ಟ್ ಕಂಟ್ರೋಲಿನವನು. ಅದರಲ್ಲಿಯೂ ಔಷಧವನ್ನು ಸಿಂಪಡಿಸುವುದಕ್ಕೆ ಮುನ್ನ ಮನೆಯನ್ನು ಪರೀಕ್ಷಿಸಿ, ಇರುವ ಉಪದ್ರವ ಯಾವುದು, ಎಲ್ಲಿಂದ ಬಂದಿತು, ಎಷ್ಟು ಹಬ್ಬಿದೆ ಎಂಬುದನ್ನು ನಿರ್ಣಯಿಸುವುದಕ್ಕಾಗಿ ಬರುವವನು.

ಕಳವಾದ ಮನೆಯಲ್ಲಿ ಪೊಲೀಸರು ಪಂಚನಾಮೆಗೆ ಬರುವ ಮೊದಲೇ ನೆಲವನ್ನು ಒರೆಸಿಟ್ಟರೆ ಹೇಗೋ, ಈತನ ಬರವಿಗೆ ಮುನ್ನ ಮನೆಯನ್ನು ತಿಕ್ಕಿ ತೊಳೆದಿಡುವುದೂ ಹಾಗೆಯೇ. ಆತನಿಗೆ ಬೇಕಾದುದು ಕುರುಹು. ಮತ್ತು ಆ ಕುರುಹಿನ ಬಳಿಗೆ ಹೋಗಲು ದಾರಿ. ಕುರುಹನ್ನು ಇದ್ದಲ್ಲಿಯೇ ಉಳಿಸುವುದು, ದಾರಿಯನ್ನು ತೆರೆದುಕೊಡುವುದು, ಇಷ್ಟೇ ಗೃಹಸ್ಥನು ಮಾಡತಕ್ಕ ಸಿದ್ಧತೆ. ಆದರೆ ಇಷ್ಟನ್ನು ಮಾಡುವುದಕ್ಕೆ ನಮ್ಮ ಸ್ವಭಾವವೇ ಅಡ್ಡಬರುತ್ತದೆ.

ಪರೀಕ್ಷಕನ ಕಣ್ಣಿನಿಂದ ಮನೆಯನ್ನು ಮರೆಮಾಡುವ ಪ್ರವೃತ್ತಿ ಈ ನಗರದಲ್ಲಿ ಕೇವಲ ನಾಚಿಕೆಯಿಂದ ಹುಟ್ಟಿದುದಲ್ಲ. ಅದರ ಹಿಂದೆ ಭಯದ ಇತಿಹಾಸವೊಂದಿದೆ. 1896ರ ಸೆಪ್ಟೆಂಬರಿನಲ್ಲಿ, ಬಂದರಿನ ಸಮೀಪದ ಮಾಂಡವಿಯಲ್ಲಿ, ಧಾನ್ಯದ ಗೋದಾಮುಗಳು ಒತ್ತೊತ್ತಾಗಿ ನಿಂತಿದ್ದ ಆ ಪೇಟೆಯಲ್ಲಿ, ಡಾಕ್ಟರ್ ಅಕಾಸಿಯೊ ಗೇಬ್ರಿಯಲ್ ವಿಯೆಗಾಸ್ ಎಂಬವರು ಪ್ಲೇಗನ್ನು ಗುರುತಿಸಿದರು. ಮರುವರ್ಷ ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆ ಸರಕಾರಕ್ಕೆ ಅಸಾಧಾರಣವಾದ ಅಧಿಕಾರವನ್ನು ಕೊಟ್ಟಿತು. ಶೋಧನೆಯ ತಂಡಗಳು ಚಾಳುಗಳ ಕತ್ತಲೆಕೋಣೆಗಳನ್ನು ಹೊಕ್ಕು ರೋಗಿಗಳನ್ನು ಆಸ್ಪತ್ರೆಗೆ ಸಾಗಿಸಿದವು. ಒಳಕ್ಕೆ ಬಿಸಿಲು ಬೀಳಲೆಂದು ಮಾಡಿನ ಹೆಂಚುಗಳನ್ನು ಕೀಳಿಸಿದವು. ಮನುಷ್ಯವಾಸಕ್ಕೆ ಅಯೋಗ್ಯವೆಂದು ತೋರಿದ ಮನೆಗಳ ಮೇಲೆ ‘ಯು. ಎಚ್. ಎಚ್.’ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಬಳಿದು ಹೋದವು. ಜನರು ರೋಗಿಗಳನ್ನು ಬಚ್ಚಿಟ್ಟರು. ಲಕ್ಷಾಂತರ ಮಂದಿ ಊರನ್ನೇ ತೊರೆದರು. 1898ರ ಮಾರ್ಚಿನಲ್ಲಿ ದಂಗೆಯೆದ್ದರು. ಪುಣೆಯಲ್ಲಿ ಇಂಥದೇ ಶೋಧನೆಯಿಂದ ಕೆರಳಿದ ರೋಷ 1897ರ ಜೂನಿನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡನ ಮೇಲೆ ಹಾರಿದ ಗುಂಡಾಯಿತು.

ಇಷ್ಟೆಲ್ಲ ನಡೆಯುತ್ತಿದ್ದಾಗ ಶೋಧಿಸುವವರು ನೋಡಬೇಕಾದ ಸ್ಥಳವನ್ನು ಮಾತ್ರ ನೋಡುತ್ತಿರಲಿಲ್ಲ ಎಂಬುದು ಇತಿಹಾಸದ ವಿಪರ್ಯಾಸ. ರೋಗವನ್ನು ಹೊತ್ತು ತರುವುದು ಇಲಿಯ ಮೈಮೇಲಿನ ಚಿಗಟ, ಇಲಿ ಸತ್ತು ಮೈ ತಣ್ಣಗಾದೊಡನೆ ಅದು ಮನುಷ್ಯನ ಮೇಲಕ್ಕೆ ಹಾರುತ್ತದೆ ಎಂಬುದನ್ನು ಪಾಲ್ ಲೂಯಿ ಸಿಮೊಂದ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದುದು 1898ರಲ್ಲಿ. ಆ ಮಾತನ್ನು ಲೋಕವು ಒಪ್ಪುವುದಕ್ಕೆ ಇನ್ನೂ ಕೆಲವು ವರ್ಷಗಳು ಹಿಡಿದವು. ಎಲ್ಲಿ ನೋಡಬೇಕೆಂದು ಅರಿಯದ ಪರೀಕ್ಷೆ ಎಷ್ಟು ಕಠೋರವಾದರೇನು! ಅದೇ 1898ರಲ್ಲಿ ಹುಟ್ಟಿದ ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟು, ಗಾಳಿಬೆಳಕಿಗೆ ಎಡೆಯಿರುವ ಬಡಾವಣೆಗಳನ್ನು ದಾದರಿನಲ್ಲಿಯೂ ಮಾಟುಂಗದಲ್ಲಿಯೂ ನಿರ್ಮಿಸಿತು. ಇಂದು ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಕ್ಕೆಂದು ಮಾಟುಂಗದ ಬೀದಿಗಳಲ್ಲಿ ನಡೆದುಹೋಗುವ ಕನ್ನಡಿಗರು ಕಟ್ಟಡ ಕಟ್ಟಡಗಳ ನಡುವೆ ಕಾಣುವ ಆ ಬಯಲು ಪ್ಲೇಗಿನ ಮಾರಿ ಕಲಿಸಿದ ಪಾಠದಿಂದ ಉಳಿದುಬಂದ ಬಯಲು.

ಪಾಲಿಕೆಯ ಪರೀಕ್ಷಕನು ಈಗಲೂ ಬರುತ್ತಾನೆ. ಆದರೆ ಅವನಿಗೆ ಮುಖ್ಯವಾದುದು ಸೊಳ್ಳೆ ಮತ್ತು ಇಲಿ. ಚಾರ್ಲ್ಸ್ ಬೆಂಟ್ಲಿ ಎಂಬ ಅಧಿಕಾರಿ 1911ರ ತನ್ನ ವರದಿಯಲ್ಲಿ ಮುಂಬಯಿಯ ಮಲೇರಿಯಾಕ್ಕೆ ಕಾರಣ ಇಲ್ಲಿನ ಬಾವಿಗಳಲ್ಲಿಯೂ ತೊಟ್ಟಿಗಳಲ್ಲಿಯೂ ಇದೆಯೆಂದು ತೋರಿಸಿದಂದಿನಿಂದ, ತಾರಸಿಯ ನೀರಿನ ತೊಟ್ಟಿಗೆ ಬಿಗಿಯಾದ ಮುಚ್ಚಳವಿರಬೇಕು, ಅಲ್ಲಿಗೆ ಹತ್ತಲು ಭದ್ರವಾದ ಏಣಿಯಿರಬೇಕು ಎಂದು ಪಾಲಿಕೆ ಹಟ ಹಿಡಿಯುತ್ತ ಬಂದಿದೆ. ಏಣಿಯಿಲ್ಲದ ತೊಟ್ಟಿಯನ್ನು ಯಾರೂ ನೋಡುವುದಿಲ್ಲ. ಯಾರೂ ನೋಡದ ತೊಟ್ಟಿಯ ತಿಳಿನೀರಿನಲ್ಲಿ ಅನಾಫಿಲಿಸ್ ಸ್ಟೀಫೆನ್ಸಿ ನಿಶ್ಚಿಂತೆಯಿಂದ ಮೊಟ್ಟೆಯಿಡುತ್ತದೆ. ಮನೆಯೊಳಗೆ ಅವನು ನೋಡುವುದು ಹೂಕುಂಡದ ಅಡಿಯ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಮನಿಪ್ಲಾಂಟನ್ನು ಇಳಿಬಿಟ್ಟ ಬಾಟಲಿ, ಕಿಟಕಿಯ ಮೇಲಿನ ತಾಡಪತ್ರೆಯ ಮಡಿಕೆ. ಈ ಪರೀಕ್ಷೆಗೆ ಹಣ ಕೊಡಬೇಕಾಗಿಲ್ಲ. ರಾತ್ರಿಯ ವೇಳೆ ಕೈಯಲ್ಲಿ ಟಾರ್ಚು, ಬಡಿಗೆ ಹಿಡಿದು ಬೀದಿಬೀದಿಗಳಲ್ಲಿ ಇಲಿ ಹೊಡೆಯುವ ಪಾಲಿಕೆಯ ನೌಕರರಿಗೆ ರಾತ್ರಿಗೆ 30 ಇಲಿಗಳೆಂಬ ಲೆಕ್ಕ ಗೊತ್ತುಪಡಿಸಿರುವುದೂ ಪ್ರಸಿದ್ಧವೇ. ಆದರೆ ಜಿರಳೆ, ತಿಗಣೆ, ಗೆದ್ದಲುಗಳ ವಿಷಯದಲ್ಲಿ ನಾವು ಖಾಸಗಿಯವರನ್ನೇ ಹಣ ಕೊಟ್ಟು ಕರೆಯಬೇಕು. ಪೆಸ್ಟ್ ಕಂಟ್ರೋಲ್ ಇಂಡಿಯಾ ಎಂಬ ಸಂಸ್ಥೆ ಇದೇ ನಗರದಲ್ಲಿ 1954ರಷ್ಟು ಹಿಂದೆಯೇ ಆರಂಭವಾಯಿತು. ಇಂದು ಉಪನಗರದ ಪ್ರತಿಯೊಂದು ಸ್ಟೇಷನ್ನಿನ ಹೊರಗೂ ಇಂಥ ಸೇವೆಯ ಫಲಕಗಳು ಜೋತಾಡುತ್ತವೆ. 1968ರ ಕೀಟನಾಶಕ ಕಾಯಿದೆ, 1971ರ ನಿಯಮಗಳು ಇವುಗಳ ಪ್ರಕಾರ ಈ ವೃತ್ತಿಗೆ ಲೈಸೆನ್ಸು ಬೇಕು. ಅದನ್ನು ತೋರಿಸೆಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ಇನ್ನು ಸಿದ್ಧತೆಯ ಮಾತು. ಗೆದ್ದಲಿನಿಂದಲೇ ತೊಡಗೋಣ, ಏಕೆಂದರೆ ಸಾಕ್ಷ್ಯನಾಶವು ಅತ್ಯಧಿಕವಾಗಿ ನಡೆಯುವುದು ಅಲ್ಲಿಯೇ. ಬಾಗಿಲ ಚೌಕಟ್ಟಿನ ಮೂಲೆಯಿಂದ ಮೇಲಕ್ಕೆ, ಪೆನ್ಸಿಲಿನ ಗಾತ್ರದ ಮಣ್ಣಿನ ಗೆರೆಯೊಂದು ಏರಿರುವುದನ್ನು ಕಂಡೊಡನೆ ಗೃಹಿಣಿಯ ಕೈ ಪೊರಕೆಗೆ ಹೋಗುತ್ತದೆ. ಒಂದೇ ಏಟಿಗೆ ಗೋಡೆ ಸ್ವಚ್ಛ. ಆದರೆ ಆ ಮಣ್ಣಿನ ಕೊಳವೆ ಗೆದ್ದಲಿನ ರಾಜಮಾರ್ಗ. ತೇವವನ್ನೂ ಕತ್ತಲೆಯನ್ನೂ ಬಿಟ್ಟು ಬಾಳಲಾರದ ಆ ಸುಕುಮಾರ ಪ್ರಾಣಿ ನೆಲದ ಗೂಡಿನಿಂದ ಮರದವರೆಗೆ ಕಟ್ಟಿಕೊಂಡ ಸುರಂಗ. ಬಲ್ಲ ಪರೀಕ್ಷಕನು ಅದನ್ನು ಒರೆಸುವುದಿಲ್ಲ. ನಡುವೆ ಒಂದು ಅಂಗುಲದಷ್ಟನ್ನು ಮಾತ್ರ ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲನೆ ಕೆದಕಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡುತ್ತಾನೆ: ಒಳಗಿನ ಮಣ್ಣು ಹಸಿಯಾಗಿದ್ದು ಬಿಳಿಯ ಹುಳುಗಳು ಓಡಾಡುತ್ತಿದ್ದರೆ ಗೂಡು ಜೀವಂತವಾಗಿದೆ, ಒಣಗಿ ಪುಡಿಯಾಗಿ ಉದುರಿದರೆ ಆ ದಾರಿಯನ್ನು ಅವು ಬಿಟ್ಟುಹೋಗಿವೆ. ಒಡೆದ ಭಾಗವನ್ನು ಕೆಲವು ದಿನಗಳಲ್ಲಿ ಅವು ಮತ್ತೆ ಕಟ್ಟಿದುವೇ ಎಂಬುದೂ ಒಂದು ಸಾಕ್ಷ್ಯವೇ. ಪೊರಕೆಯಿಂದ ಇವೆಲ್ಲ ಹೋಗುತ್ತವೆ, ಗೆದ್ದಲು ಮಾತ್ರ ಹೋಗುವುದಿಲ್ಲ. ಅದು ಚೌಕಟ್ಟಿನ ಹಿಂಬದಿಯಲ್ಲಿ ಇನ್ನೊಂದು ದಾರಿಯನ್ನು ಕಟ್ಟಿಕೊಳ್ಳುತ್ತದೆ.

ಮರದಿಂದ ಹುಡಿ ಬೀಳುವುದೆಲ್ಲ ಗೆದ್ದಲಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಪ್ಲೈವುಡ್ಡಿನ ಕಪಾಟಿನ ಬುಡದಲ್ಲಿ ಜರಡಿ ಹಿಡಿದ ಮೈದಾಹಿಟ್ಟಿನಂಥ ನುಣುಪಾದ ಹುಡಿ, ಮೇಲೆ ಗುಂಡುಸೂಜಿಯಿಂದ ಚುಚ್ಚಿದಂಥ ದುಂಡು ತೂತುಗಳು ಕಂಡರೆ ಅದು ಕುಟ್ಟೆ. ಮರವನ್ನು ಒಳಗಿನಿಂದ ಕೊರೆದು ಹೊರಬಿದ್ದ ದುಂಬಿಯ ಕೆಲಸ. ಅದರ ಚಿಕಿತ್ಸೆಯೇ ಬೇರೆ, ಖರ್ಚೂ ಬೇರೆ. ಆದುದರಿಂದ ಆ ಹುಡಿಯನ್ನು ಗುಡಿಸಬಾರದು. ಗುಡಿಸಿಯೇ ತೀರಬೇಕಾದರೆ ಒಂದು ಚಿಟಿಕೆಯನ್ನು ಬೆಂಕಿಪೊಟ್ಟಣದಲ್ಲಿ ಎತ್ತಿಡಬೇಕು. ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತಿ ಬೆಳಿಗ್ಗೆ ಕಿಟಕಿಯ ಅಡಿಯಲ್ಲಿ ರಾಶಿಬಿದ್ದ ರೆಕ್ಕೆಗಳ ವಿಷಯವೂ ಹೀಗೆಯೇ: ಅವು ಹೊರಗಿನಿಂದ ಬಂದ ಮಳೆಹುಳುಗಳೋ, ಮುಚ್ಚಿದ ಕೋಣೆಯೊಳಗಿನ ಗೋಡೆಯಿಂದಲೇ ಹೊರಟವೋ ಎಂಬುದರ ಮೇಲೆ ಪರೀಕ್ಷಕನ ನಿರ್ಣಯ ನಿಲ್ಲುತ್ತದೆ. ಏಳನೆಯ ಮಾಳಿಗೆಗೆ ಗೆದ್ದಲು ಹೇಗೆ ಬಂದೀತೆಂದು ಕೇಳುವವರಿದ್ದಾರೆ. ಕೊಳವೆಗಳು ಇಳಿಯುವ ಡಕ್ಟಿನ ಗೋಡೆಯೇ ಅದಕ್ಕೆ ಏಣಿ. ಒಸರುವ ಗೋಡೆ ಸಿಕ್ಕಿತೆಂದರೆ ನೆಲದ ಹಂಗು ತೊರೆದು ಅಲ್ಲಿಯೇ ಬಿಡಾರ ಹೂಡುವ ಜಾತಿಗಳೂ ಉಂಟು.

ಈ ಸಂದರ್ಭದಲ್ಲಿ ದೇವರ ಗೂಡಿನ ಪ್ರಸ್ತಾಪವನ್ನು ಬಿಡಲಾಗದು. ದೇವರಿಗೆಂದು ಪ್ರತ್ಯೇಕ ಕೋಣೆಯಿಲ್ಲದ ಮುಂಬಯಿಯ ಮನೆಗಳಲ್ಲಿ ಅದು ಸಾಮಾನ್ಯವಾಗಿ ಅಡಿಗೆಮನೆಯ ಗೋಡೆಗೆ ಹೊಡೆದ ಮರದ ಮಂಟಪ. ಆ ಗೋಡೆಯ ಆಚೆಗೆ ಬಚ್ಚಲು. ತೇವ ಹೀರುವ ಗೋಡೆ, ಅದಕ್ಕೆ ತಾಗಿದ ಮರ, ಎಂದೂ ಕದಲಿಸದ ಪಟಗಳು, ಚೆಲ್ಲಿದ ದೀಪದೆಣ್ಣೆ, ನೈವೇದ್ಯದ ಬೆಲ್ಲದ ಚೂರು, ಇವೆಲ್ಲ ಒಂದೆಡೆ ಕೂಡಿದ ಸ್ಥಳ ಮನೆಯಲ್ಲಿ ಇನ್ನೊಂದಿಲ್ಲ. ಪರೀಕ್ಷಕನು ಅದರ ಮುಂದೆ ಬಂದು ನಿಲ್ಲುತ್ತಾನೆ, ಕೈಮುಗಿಯುತ್ತಾನೆ, ಮುಂದಕ್ಕೆ ಹೋಗುತ್ತಾನೆ. ಮುಟ್ಟಲು ಅವನಿಗೆ ಸಂಕೋಚ, ಮುಟ್ಟಿರೆಂದು ಹೇಳಲು ಮನೆಯವರಿಗೆ ಸಂಕೋಚ. ಚೆಂಬೂರಿನ ಪರಿಚಿತರೊಬ್ಬರ ಮನೆಯಲ್ಲಿ ಹೀಗೆಯೇ ಆಗಲಿದ್ದಾಗ ಮನೆಯ ಹಿರಿಯ ತಾಯಿ, “ನಿಲ್ಲಪ್ಪಾ, ದೇವರನ್ನು ನಾನೇ ಎತ್ತಿಕೊಳ್ಳುತ್ತೇನೆ. ನೀನು ಗೋಡೆ ನೋಡು” ಎಂದು ಸಾಲಿಗ್ರಾಮದ ಪೆಟ್ಟಿಗೆಯನ್ನು ಮಡಿಲಿಗೆ ತೆಗೆದುಕೊಂಡು ಕುಳಿತರು. ಪಟಗಳನ್ನು ಇಳಿಸಿದಾಗ ಲಕ್ಷ್ಮಿಯ ಪಟದ ಹಿಂಬದಿಯಲ್ಲಿ ಕಟ್ಟು ಮಾತ್ರ ಉಳಿದಿತ್ತು, ರಟ್ಟು ಇರಲಿಲ್ಲ. ಅಂಥ ಸಂಕೋಚಕ್ಕೆ ಎಡೆಗೊಡದೆ, ಹಿಂದಿನ ರಾತ್ರಿಯೇ ದೇವರನ್ನು ಬೇರೊಂದು ಮಣೆಯ ಮೇಲೆ ಕುಳ್ಳಿರಿಸಿ ಮಂಟಪವನ್ನು ಬರಿದುಮಾಡಿಡುವುದೇ ಲೇಸು.

ಅಡಿಗೆಮನೆಯಲ್ಲಿ ನೋಡತಕ್ಕ ಜಿರಳೆ ಎರಡು ಬಗೆ. ಮೋರಿಯಿಂದ, ಬಚ್ಚಲ ನೀರು ಇಳಿಯುವ ನಹಾಣಿ ಟ್ರ್ಯಾಪಿನ ಜಾಲಿಯ ಸಂದಿನಿಂದ ರಾತ್ರಿ ಮೇಲೆ ಬರುವ ದೊಡ್ಡ ಕೆಂಗಂದು ಜಿರಳೆಗೆ ಶಾಸ್ತ್ರಜ್ಞರು ಅಮೆರಿಕದ ಹೆಸರು ಕೊಟ್ಟಿದ್ದಾರೆ. ಸಿಂಕಿನ ಅಡಿಯಲ್ಲಿ, ಮಿಕ್ಸರಿನ ತಳದಲ್ಲಿ, ಫ್ರಿಜ್ಜಿನ ಬಾಗಿಲ ರಬ್ಬರಿನ ಮಡಿಕೆಯಲ್ಲಿ ಹಿಂಡುಹಿಂಡಾಗಿ ವಾಸಿಸುವ, ಕುತ್ತಿಗೆಯ ಮೇಲೆ ಎರಡು ಕಪ್ಪು ಗೆರೆಗಳುಳ್ಳ ಚಿಕ್ಕದಕ್ಕೆ ಜರ್ಮನಿಯ ಹೆಸರು. ದೊಡ್ಡದು ಮುಖ್ಯವಾಗಿ ಮೋರಿಯ ಸಮಸ್ಯೆ, ಚಿಕ್ಕದು ಮನೆಯೊಳಗಿನ ಸಮಸ್ಯೆ. ಚಿಕ್ಕದರ ಹೆಣ್ಣು ಮೂವತ್ತು ನಲವತ್ತು ಮೊಟ್ಟೆಗಳ ಕೋಶವನ್ನು ಅವು ಒಡೆಯುವ ಕಾಲದವರೆಗೂ ಬೆನ್ನ ತುದಿಯಲ್ಲಿ ಹೊತ್ತು ತಿರುಗುತ್ತದೆಂಬುದರಿಂದ ಅದರ ವೃದ್ಧಿಯ ವೇಗವನ್ನು ಊಹಿಸಬಹುದು. ಹಾಡುಹಗಲಿನಲ್ಲಿಯೂ ಅವು ಕಾಣಿಸಿಕೊಂಡರೆ ಬಿರುಕುಗಳಲ್ಲಿ ಜಾಗ ಸಾಲದಷ್ಟು ಕಿಕ್ಕಿರಿದಿವೆಯೆಂದೇ ತಿಳಿಯಬೇಕು.

ಇಲ್ಲಿ ಆಗುವ ಅನರ್ಥವೆಂದರೆ, ಪರೀಕ್ಷಕನು ಬರುವ ಹಿಂದಿನ ದಿನ ಗೃಹಸ್ಥನು ಅಂಗಡಿಯಿಂದ ಸ್ಪ್ರೇ ತಂದು ಮೂಲೆಮೂಲೆಗೂ ಹೊಡೆಯುವುದು. ಕೆಲವು ಸಾಯುತ್ತವೆ, ಉಳಿದವು ಚದರಿ ಮಲಗುವ ಕೋಣೆಯ ಕಪಾಟನ್ನು ಸೇರುತ್ತವೆ. ಬಂದವನಿಗೆ ಬೀಡು ಎಲ್ಲಿತ್ತೆಂಬುದೇ ತಿಳಿಯುವುದಿಲ್ಲ. ಅಷ್ಟೇ ಅಲ್ಲದೆ, ಈಗಿನ ಮುಖ್ಯ ಚಿಕಿತ್ಸೆಯಾದ ಜೆಲ್ಲಿನ ಆಮಿಷವನ್ನು, ಅಂದರೆ ಸಂದಿಗಳಲ್ಲಿ ಸಾಸಿವೆಕಾಳಿನಷ್ಟಷ್ಟು ಇಡುವ ವಿಷದ ತಿಂಡಿಯನ್ನು, ಸ್ಪ್ರೇ ತಾಗಿದ ಜಾಗದಲ್ಲಿ ಜಿರಳೆ ಮೂಸಿಯೂ ನೋಡುವುದಿಲ್ಲ. ಲಕ್ಷ್ಮಣರೇಖೆಯೆಂಬ ಸೀಮೆಸುಣ್ಣದ ಗೆರೆಗಳಿಗೂ ಆ ಕೆಲವು ದಿನ ವಿರಾಮ ಕೊಡುವುದು ಒಳ್ಳೆಯದು. ರಾಮಾಯಣದಲ್ಲಿಯೂ ಆ ಗೆರೆಯನ್ನು ದಾಟಿದವಳು ಒಳಗಿದ್ದವಳೇ. ನಮ್ಮ ಜಿರಳೆಯೂ ಒಳಗೇ ಇದೆ. ಸಿಂಕಿನಡಿಯ ಸಾಮಾನುಗಳನ್ನು ಹೊರತೆಗೆದು, ಒಲೆಯನ್ನೂ ಫ್ರಿಜ್ಜನ್ನೂ ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದು, ಅವುಗಳ ಹಿಂದಿನ ಕರಿಚುಕ್ಕೆಗಳನ್ನು ಇದ್ದಂತೆಯೇ ಬಿಟ್ಟರೆ ಅಡಿಗೆಮನೆ ಸಿದ್ಧವಾದಂತೆ.

ತಿಗಣೆಯ ಸಂಶಯವಿದ್ದರೆ ಹಾಸಿಗೆಯನ್ನು ಇನ್ನೊಂದು ಕೋಣೆಗೆ ಸಾಗಿಸಬಾರದು, ಬಿಸಿಲಿಗೆಂದು ತಾರಸಿಗೂ ಒಯ್ಯಬಾರದು. ಹೋದ ದಾರಿಯುದ್ದಕ್ಕೂ ಅವು ಉದುರುತ್ತವೆ. ಹಾಸಿಗೆಯ ಹೊಲಿಗೆಯಲ್ಲಿ ಶಾಯಿಯ ಚುಕ್ಕೆಗಳಂತೆ ಕಾಣುವ ಕಲೆಗಳೇ ಪರೀಕ್ಷಕನಿಗೆ ಬೇಕಾದುವು. ಪೆಟ್ಟಿಗೆಮಂಚವಿದ್ದವರು, ಮುಂಬಯಿಯಲ್ಲಿ ಅದಿಲ್ಲದವರು ಯಾರು, ಅದರೊಳಗಿನ ಚಳಿಗಾಲದ ರಗ್ಗುಗಳನ್ನು, ಮದುವೆಯ ಉಡುಗೊರೆಯ ಪಾತ್ರೆಗಳನ್ನು, ಮೊಮ್ಮಕ್ಕಳ ಹಳೆಯ ಪುಸ್ತಕಗಳನ್ನು ತೆಗೆದು, ಅಲ್ಲಿಯೇ ಪಕ್ಕದಲ್ಲಿ ಬಿಳಿಯ ಬಟ್ಟೆಯ ಮೇಲೆ ಇಡತಕ್ಕುದು.

ಇಲಿಯ ಹಿಕ್ಕೆಯನ್ನು ನೋಡಿಯೇ ಅನುಭವಿಯು ಅದರ ಜಾತಿಯನ್ನು ಹೇಳಬಲ್ಲನು: ಅಕ್ಕಿಕಾಳಿನಷ್ಟು ಸಣ್ಣದಾದರೆ ಸುಂಡಿಲಿ, ಅದಕ್ಕಿಂತ ಬಹಳ ದಪ್ಪವಾಗಿದ್ದರೆ ದೊಡ್ಡ ಇಲಿ ಅಥವಾ ಹೆಗ್ಗಣ. ಗೋಡೆಯ ಬುಡದಲ್ಲಿ ಮೈ ಒರಸಿ ಒರಸಿ ಆದ ಎಣ್ಣೆಗಪ್ಪು ಗೆರೆ ಅದರ ನಿತ್ಯದ ಹಾದಿ. ಕಿರುಬೆರಳಿನ ತುದಿ ತೂರುವಷ್ಟು ತೂತು ಸುಂಡಿಲಿಗೆ ಸಾಕು. ಹಿಕ್ಕೆಯನ್ನು ಬರಿಗೈಯಿಂದ ಮುಟ್ಟಬಾರದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಮೇಲೆ ನೆರೆನೀರಿನಲ್ಲಿ ಹರಡಿದ ಇಲಿಜ್ವರವನ್ನು ಈ ಊರು ಮರೆತಿಲ್ಲ.

ಇಷ್ಟಾದರೂ ಒಂದು ಮನೆಯ ಸಿದ್ಧತೆ ಆ ಮನೆಯೊಳಗೇ ಮುಗಿಯುವುದಿಲ್ಲ ಎಂಬುದು ಈ ನಗರದ ವಿಶೇಷ. ಮೇಲಿನ ಮನೆಯ ಬಚ್ಚಲು ಸೋರಿ ನಮ್ಮ ಗೋಡೆ ತೇವವಾಗುತ್ತದೆ. ಕೆಳಗಿನ ಮನೆಯ ಜಿರಳೆ ನಮ್ಮ ಡಕ್ಟನ್ನು ಹತ್ತುತ್ತದೆ. ಡಕ್ಟಿನ ಬಾಗಿಲಿನ ಬೀಗದ ಕೈ ವಾಚ್‌ಮನ್ನನ ಬಳಿಯೋ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯ ಬಳಿಯೋ ಇರುತ್ತದೆ. ಸೆಕ್ರೆಟರಿ ಆಫೀಸಿಗೆ ಹೋಗಿರುತ್ತಾರೆ. ಪರೀಕ್ಷಕನು ಬಂದು, ಕಾದು, ನೋಡದೆ ಹಿಂದಿರುಗುವುದು ಹೆಚ್ಚಾಗಿ ಈ ಬೀಗದ ಕೈಯಿಂದಾಗಿ. ಆದುದರಿಂದ ಅದನ್ನು ಹಿಂದಿನ ದಿನವೇ ತರಿಸಿಟ್ಟುಕೊಳ್ಳಬೇಕು. ಮೇಲಿನವರಿಗೂ ಕೆಳಗಿನವರಿಗೂ ಒಂದು ಮಾತು ತಿಳಿಸಿ, ಅವರ ಬಚ್ಚಲನ್ನೂ ಒಮ್ಮೆ ನೋಡಲು ಒಪ್ಪಿಗೆ ಪಡೆಯಬೇಕು. ಸೊಸೈಟಿಯ ಎಲ್ಲ ಮನೆಗಳೂ ಒಂದೇ ವಾರದಲ್ಲಿ ಪರೀಕ್ಷೆ ಮಾಡಿಸುವುದಾದರೆ ಅದಕ್ಕಿಂತ ಉತ್ತಮವಿಲ್ಲ. ಆದರೆ ಅಷ್ಟು ಮಂದಿ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದ ಸೊಸೈಟಿಯನ್ನು ಕಂಡವರು ವಿರಳ.

ಬಂದವನಿಗೆ ಹೇಳತಕ್ಕ ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟರೆ ಅನುಕೂಲ: ಯಾವ ಹುಳು, ಎಲ್ಲಿ, ದಿನದ ಯಾವ ಹೊತ್ತಿನಲ್ಲಿ ಕಂಡಿತು, ಹಿಂದೆ ಯಾವ ಔಷಧವನ್ನು ಹೊಡೆಸಲಾಗಿತ್ತು, ಗೋಡೆ ಎಲ್ಲೆಲ್ಲಿ ಒಸರುತ್ತದೆ. ಮನೆಯಲ್ಲಿ ಗರ್ಭಿಣಿಯೋ, ಹಸುಗೂಸೋ, ಉಬ್ಬಸದವರೋ ಇದ್ದರೆ ಅದನ್ನು ಮೊದಲೇ ತಿಳಿಸತಕ್ಕುದು. ಗಾಜಿನ ತೊಟ್ಟಿಯಲ್ಲಿ ಮೀನು ಸಾಕಿದವರು ಅದನ್ನೂ ಹೇಳಬೇಕು. ಜಿರಳೆಗೆ ಹೊಡೆಯುವ ಸಾಧಾರಣವಾದ ಔಷಧಗಳು ಮೀನಿಗೆ ಕಡುವಿಷ.

ಪಾತ್ರೆಗಳನ್ನು ಮುಚ್ಚುವುದು, ತಿಂಡಿತಿನಿಸುಗಳನ್ನು ಡಬ್ಬಿಗಳಿಗೆ ತುಂಬುವುದು, ಸಂದಿಗೊಂದಿಗಳ ಜಿಡ್ಡನ್ನು ತಿಕ್ಕುವುದು, ಇವೆಲ್ಲ ಚಿಕಿತ್ಸೆಯ ದಿನದ ಕೆಲಸಗಳು, ಪರೀಕ್ಷೆಯ ದಿನದವಲ್ಲ. ಇವೆರಡನ್ನೂ ಒಂದೇ ದಿನ ಮುಗಿಸುತ್ತೇನೆ, ಬಾಗಿಲಲ್ಲಿ ನಿಂತೇ ದರ ಹೇಳುತ್ತೇನೆ ಎನ್ನುವವನನ್ನು ಬಾಗಿಲಿನಿಂದಲೇ ಕಳುಹಿಸುವುದು ಕ್ಷೇಮವೆಂದು ನನ್ನ ಮತ. ಔಷಧದ ಡಬ್ಬಿಯ ಮೇಲೆ ನಿಯಮಾನುಸಾರವಾಗಿ ಮುದ್ರಿತವಾಗಿರುವ ತ್ರಿಕೋನದ ಬಣ್ಣವನ್ನು ನೋಡಬೇಕು: ಕೆಂಪು ಅತ್ಯಂತ ಉಗ್ರ, ಅನಂತರ ಹಳದಿ, ನೀಲಿ, ಹಸಿರು ಎಲ್ಲಕ್ಕಿಂತ ಸೌಮ್ಯ. ಧಾನ್ಯದ ಗೋದಾಮುಗಳಲ್ಲಿ ಬಳಸುವ ಅಲ್ಯುಮಿನಿಯಂ ಫಾಸ್ಫೈಡಿನ ಗುಳಿಗೆಯನ್ನು ತಿಗಣೆಗೆಂದು ಮನೆಯಲ್ಲಿ ಇಡುತ್ತೇನೆಂದು ಯಾರಾದರೂ ಹೇಳಿದರೆ ಖಂಡಿತವಾಗಿ ನಿರಾಕರಿಸಬೇಕು. ಅದರಿಂದ ಹೊರಡುವ ಫಾಸ್ಫೀನ್ ಅನಿಲ ಗೋಡೆಯ ಬಿರುಕಿನಿಂದ ನುಸುಳಿ ನೆರೆಮನೆಯಲ್ಲಿ ಮಲಗಿದವರ ಪ್ರಾಣವನ್ನು ತೆಗೆಯಬಲ್ಲುದು.

ಕಾಲದ ವಿಷಯದಲ್ಲಿ ನಮ್ಮ ಕರಾವಳಿಯ ಕುಟುಂಬಗಳಿಗೆ ಒಂದು ಸೌಕರ್ಯವುಂಟು. ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ ಬಂದೊಡನೆ ಮತ್ಸ್ಯಗಂಧಾ ರೈಲು ಹಿಡಿದು ಊರಿಗೆ ಹೊರಡುವವರು, ಏಪ್ರಿಲಿನಲ್ಲಿ ತಾವು ಮನೆಯಲ್ಲಿರುವಾಗಲೇ ಪರೀಕ್ಷೆಯನ್ನು ಮಾಡಿಸಿ, ಬರಹದಲ್ಲಿ ವರದಿಯನ್ನೂ ದರವನ್ನೂ ಪಡೆದುಕೊಂಡು, ಹೊರಡುವ ದಿನ ಬೆಳಿಗ್ಗೆ ಚಿಕಿತ್ಸೆಯನ್ನು ಗೊತ್ತುಪಡಿಸಿಕೊಂಡರೆ, ಮಳೆಗಾಲಕ್ಕೆ ಮುನ್ನ ಕೆಲಸವೂ ಮುಗಿಯುತ್ತದೆ, ವಾಸನೆಯನ್ನೂ ಸಹಿಸಬೇಕಾಗಿಲ್ಲ. ಹಿಂದಿರುಗಿದ ದಿನ ಎಲ್ಲ ಕಿಟಕಿಗಳನ್ನೂ ತೆರೆದಿಟ್ಟು ಗಾಳಿಯಾಡಿಸಬೇಕು. ಊರಿನಿಂದ ಬಂದ ಕುಚ್ಚಲಕ್ಕಿಯ ಗೋಣಿಯನ್ನು, ಹಪ್ಪಳದ ರಟ್ಟಿನ ಪೆಟ್ಟಿಗೆಯನ್ನು ನೇರವಾಗಿ ಅಟ್ಟಕ್ಕೆ ಏರಿಸದೆ, ಬಾಲ್ಕನಿಯಲ್ಲಿ ಹಳೆಯ ಪತ್ರಿಕೆಗಳ ಮೇಲೆ ಬಿಚ್ಚಿ, ಗೋಣಿಯ ಹೊಲಿಗೆಯನ್ನೂ ಪೆಟ್ಟಿಗೆಯ ಅಡಿಯ ಮಡಿಕೆಯನ್ನೂ ಬೆಳಕಿಗೆ ಹಿಡಿದು ನೋಡಿ, ಅಕ್ಕಿಯನ್ನು ಡಬ್ಬಿಗೆ ಸುರಿದುಕೊಂಡು, ಗೋಣಿಯನ್ನೂ ರಟ್ಟನ್ನೂ ಅಂದೇ ರದ್ದಿಯವನಿಗೆ ಕೊಟ್ಟುಬಿಡತಕ್ಕುದು.